ಒಂದು ತುದಿ ಹಚ್ಚಿದರೆ ಸಾಕು

ಆ ಭಾನುವಾರ ನನ್ನ ಷಡ್ಡಕನ ಬಾಯಿ ಶಾಶ್ವತವಾಗಿ ಮುಚ್ಚಿಸುವುದೆಂದು ನಾನು ತೀರ್ಮಾನಿಸಿದ್ದೆ. ಬೈದು ಅಲ್ಲ, ಬಡಿಸಿ! ಒಂದು ಇಡೀ ಕೋಳಿ!

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಹಿಂದಿನ ಸಲ ಅವನು ಊಟಕ್ಕೆ ಬಂದಾಗ ನಾನು ಹೊಸ ಗ್ರಿಲ್ಲಿನ, ಅಂದರೆ ಮುಚ್ಚಳವಿರುವ ದುಂಡನೆಯ ಇದ್ದಿಲ ಒಲೆಯ, ತುಂಬ ಕೆಂಡ ಹರಡಿ, ಕೋಳಿಯನ್ನು ನೇರ ಅದರ ಮೇಲೆ ಮಲಗಿಸಿದ್ದೆ. "ಭಾವನ ಕೋಳಿ ಹೊರಗೆ ಕರಕಲು, ಒಳಗೆ ಇನ್ನೂ ಕೂಗ್ತಾ ಇತ್ತು" ಎಂದು ಅವನು ಬಂಧುಬಳಗಕ್ಕೆಲ್ಲ ಡಂಗುರ ಸಾರಿದ. ಮೂರು ತಿಂಗಳು ನಾನು ಯಾರ ಮುಂದೆಯೂ ತಲೆಯೆತ್ತಲಿಲ್ಲ. ಅವಮಾನ ಎಂದರೆ ಅವಮಾನ!

ಆದರೆ ನಾನೂ ರೇಖಾಗಣಿತದ ಮೇಷ್ಟ್ರು. ತಪ್ಪು ಪತ್ತೆಹಚ್ಚಿದೆ: ಕೋಳಿಯ ಕೆಳಗೆ ಕೆಂಡವೇ ಇರಬಾರದು! ಇದ್ದಿಲ ಬಿಲ್ಲೆಗಳನ್ನು ಗ್ರಿಲ್ಲಿನ ಅಂಚಿಗೆ ಅರ್ಧವೃತ್ತವಾಗಿ, ಒಂದಕ್ಕೊಂದು ತಾಗುವಂತೆ ಜೋಡಿಸಬೇಕು. ಖಾಲಿ ಬದಿಯಲ್ಲಿ ಕೋಳಿ. ಬೆಂಕಿ ಸಾಲಿನ ಒಂದು ತುದಿಗೆ ಮಾತ್ರ. ಆಮೇಲೆ ಅದು ಬಿಲ್ಲೆಯಿಂದ ಬಿಲ್ಲೆಗೆ ತಾನೇ ನಡೆದುಕೊಂಡು ಹೋಗುತ್ತದೆ, ಮುಚ್ಚಳದೊಳಗಿನ ಕಾವಿಗೆ ಕೋಳಿ ಹದವಾಗಿ ಬೇಯುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಸ್ಕೇಲು ಹಿಡಿದು ಹಿತ್ತಲಲ್ಲಿ ಮಂಡಿಯೂರಿದೆ.

"ರೀ, ಕೋಳಿ ಬೇಯಿಸ್ತಿದ್ದೀರೋ, ಪ್ರಶ್ನೆಪತ್ರಿಕೆ ತೆಗೀತಿದ್ದೀರೋ?" ಎಂದಳು ಹೆಂಡತಿ.

"ಒಂದು ಬಿಲ್ಲೆ ಓರೆಯಾದ್ರೂ ಬೆಂಕಿ ದಾರಿ ತಪ್ಪತ್ತೆ ಕಣೇ!"

"ತಪ್ಪಿದ್ರೆ ಹುಡುಕೋಕೆ ನನ್ನ ಕರೀಬೇಡಿ."

ಕಾಗದದ ಉಂಡೆ ತುರುಕಿ ತುದಿ ಹಚ್ಚಿದೆ. ಹೊಗೆ ಎದ್ದಿತು. ಜಾಲರಿಯ ಖಾಲಿ ಬದಿಯಲ್ಲಿ ಕೋಳಿ ಮಲಗಿಸಿ, ಮುಚ್ಚಳ ಹಾಕಿ ರಾಜಾಜ್ಞೆ ಹೊರಡಿಸಿದೆ: "ಮಧ್ಯಾಹ್ನ ಒಂದು ಹೊಡೆಯೋವರೆಗೆ ಇದನ್ನ ಯಾರೂ ಮುಟ್ಟಕೂಡದು!" ಅಡುಗೆಮನೆ ಬಾಗಿಲಲ್ಲಿದ್ದ ನಮ್ಮತ್ತೆ ಬೆದರಿ ತಲೆಯಾಡಿಸಿದರು. ನಾನು ಸ್ನಾನಕ್ಕೆ ಹೋದೆ.

ಷಡ್ಡಕ ಹತ್ತಕ್ಕೇ ಬಂದ. ಮೂರು ಗಂಟೆ ಕಾಲ ಅವನಿಗೆ ಅರ್ಧವೃತ್ತದ ಮಹಿಮೆ ಕೊರೆದೆ. ಅವನು ಆಕಳಿಸಿದಷ್ಟೂ ನನಗೆ ಹುರುಪು ಹೆಚ್ಚಿತು.

ಒಂದಕ್ಕೆ ಸರಿಯಾಗಿ ಮುಚ್ಚಳ ತೆಗೆದೆ. ಆಹಾ! ಹೊಂಬಣ್ಣದ ಕೋಳಿ! ಕಾಲು ಹಿಡಿದರೆ ಮೂಳೆ ತಾನಾಗಿ ಕಳಚಿ ಬಂತು. ಕೋಳಿ ಬಿಟ್ಟು ನನ್ನ ಕಣ್ಣಿಗೆ ಬೇರೇನೂ ಕಾಣಲಿಲ್ಲ.

ಷಡ್ಡಕ ಮಾತಿಲ್ಲದೆ ತಿಂದ. ಮತ್ತೆ ಬಡಿಸಿಕೊಂಡ. ಮೂರನೇ ಸಲ ತಾನೇ ಕೈಹಾಕಿದ. "ಭಾವ, ಸೋತೆ! ಮುಂದಿನ ಭಾನುವಾರ ನಮ್ಮನೇಲೂ ಇದನ್ನ ಮಾಡಬೇಕು. ಆಫೀಸಿನವರನ್ನೆಲ್ಲ ಕರೀತೀನಿ" ಎಂದ. ನನಗೆ ಕುಣಿಯುವಷ್ಟು ಸಂತೋಷ!

ಅಲ್ಲಿಗೇ ಸುಮ್ಮನಿರಬಹುದಿತ್ತು. ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ! "ಬಾರಯ್ಯಾ, ಬೆಂಕಿ ನಡೆದ ದಾರಿ ತೋರಿಸ್ತೀನಿ" ಎಂದು ಎಲ್ಲರನ್ನೂ ಮೆರವಣಿಗೆಯಲ್ಲಿ ಹಿತ್ತಲಿಗೆ ಕರೆದೊಯ್ದೆ. ಜಾಲರಿ ಎತ್ತಿದೆ. "ನೋಡು, ನಾನು ಹಚ್ಚಿದ್ದು ಈ ತುದಿ. ಇಲ್ಲಿಂದ ಹೊರಟ ಬೆಂಕಿ..."

ಈ ತುದಿಯಲ್ಲಿ ಹತ್ತು ಬಿಲ್ಲೆಗಳು ಅಂಗಡಿಯಿಂದ ತಂದಷ್ಟೇ ಕಪ್ಪಗೆ ಕೂತಿದ್ದವು. ನಡುವೆ ಅರೆಸುಟ್ಟ ಕಾಗದದ ಉಂಡೆ. ಆಚೆ ತುದಿಯಿಂದ ಸಾಲೆಲ್ಲ ಬೂದಿಯಾಗಿ, ಕೆಂಡ ಇತ್ತಲೇ ಬರುತ್ತಿತ್ತು!

ಷಡ್ಡಕ ಬಗ್ಗಿ ನೋಡಿದ. "ಭಾವ, ಬೆಂಕಿ ನಿಮ್ಮನ್ನ ಹುಡುಕ್ಕೊಂಡು ಬರ್ತಾ ಇದೆ!"

ಅತ್ತೆ ಮೆಲ್ಲಗೆ ಬಾಯಿಬಿಟ್ಟರು. "ಕೋಪ ಮಾಡ್ಕೋಬೇಡಿ ಅಳಿಯಂದಿರೇ. ನೀವು ಸ್ನಾನಕ್ಕೆ ಹೋದಾಗ ನೋಡ್ತೀನಿ, ಹೊಗೇನೇ ಇಲ್ಲ, ಬೆಂಕಿ ಆರಿಹೋಗಿತ್ತು. ಅಷ್ಟು ಚೆಂದ ಜೋಡಿಸಿದ್ದನ್ನ ಕೆದಕೋಕೆ ಮನಸ್ಸಾಗ್ಲಿಲ್ಲ. ಒಲೆ ಮೇಲೆ ನಾಲ್ಕು ಇದ್ದಿಲು ಕೆಂಪಗೆ ಮಾಡಿ ತಂದು ಬಾಗಿಲ ಕಡೆ ತುದೀಲಿ ಇಟ್ಟೆ. ಮುಚ್ಚಳ ಮುಟ್ಟಿದ್ದಕ್ಕೆ ಬೈತೀರೇನೋ ಅಂತ ಹೇಳ್ಲಿಲ್ಲ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ನನಗೆ ನಾಚಿಕೆಯಾದದ್ದು ನಿಜ. ಆದರೂ ಜೋಡಿಸಿದವನು ನಾನೇ ತಾನೆ? ಧೈರ್ಯ ತಂದುಕೊಂಡು ಕೇಳಿದೆ: "ಹಾಗಾದ್ರೆ ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರ್ಲಿ?"

ಷಡ್ಡಕ ನನ್ನತ್ತ ತಿರುಗಲೂ ಇಲ್ಲ. "ಅತ್ತೆ, ಎಂಟಕ್ಕೆ ಕಾರು ತರ್ತೀನಿ, ರೆಡಿಯಾಗಿರಿ" ಎಂದ. ಆಮೇಲೆ ಮರ್ಯಾದೆಗೆ ಒಂದು ಮಾತು ಸೇರಿಸಿದ:

"ಭಾವ, ನೀವೂ ಬನ್ನಿ. ಊಟದ ಹೊತ್ತಿಗೆ."