ಹೂಂ ಅನ್ನುವವರ ಮೇಲೆ ನನ್ನ ಸಿಟ್ಟು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಒಂದು ಅಪವಾದವಿದೆ. ಶುದ್ಧ ಸುಳ್ಳು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನನಗೆ ಕೋಪ ಬರುವುದಿಲ್ಲ. ಸಾರಿಗೆ ಉಪ್ಪು ಮರೆತಿದ್ದರೂ ಸುಮ್ಮನೆ ಉಣ್ಣುತ್ತೇನೆ. ಆದರೆ ಹೇಳಿದ್ದಕ್ಕೆಲ್ಲ ‘ಹೂಂ’ ಅನ್ನುತ್ತಾರಲ್ಲ, ಅವರನ್ನು ಕಂಡರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ‘ಇಲ್ಲ’ ಅನ್ನುವವನ ಜೊತೆ ಜಗಳವಾದರೂ ಆಡಬಹುದು, ‘ಹೂಂ’ ಅನ್ನುವವನನ್ನು ಏನು ಮಾಡುವುದು? ಎದುರಿಗಿದ್ದವರ ಮಾತಿಗೆ ಹೂಂಗುಟ್ಟದಿದ್ದರೆ ಮರ್ಯಾದೆಯಲ್ಲ ಎಂದು ನಮ್ಮ ಕಡೆಯವರಿಗೆ ತೊಟ್ಟಿಲಲ್ಲೇ ಹೇಳಿಕೊಟ್ಟಿರುತ್ತಾರೆ. ಆ ಮಾತು ಕಿವಿಗೆ ಬಿತ್ತೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ತಿಲಕ್ ನಗರದ ನಮ್ಮ ದರ್ಜಿಗೆ, “ಬೆಲ್ ಬಾಟಮ್ ಬೇಡಪ್ಪ, ಮಾಮೂಲಿ ಪ್ಯಾಂಟ್ ಹೊಲಿ” ಎಂದಿದ್ದೆ. “ಹೂಂ ಸಾರ್” ಎಂದ. ಆಗೆಲ್ಲ ಕಾಲೇಜು ಹುಡುಗರು ಪ್ಯಾಂಟಿನ ಅಂಚಿನಲ್ಲೇ ರಸ್ತೆ ಗುಡಿಸಿಕೊಂಡು ಓಡಾಡುತ್ತಿದ್ದ ಕಾಲ. ಕಡೆಗೆ ನಾನೂ ಎರಡು ವರ್ಷ ಗುಡಿಸಿದೆ. ಇನ್ನು ನಮ್ಮ ಮನೆ ಮಾಲೀಕರು ಮುನಿಯಪ್ಪನವರು. ನಮ್ಮ ಜಯನಗರದ ಬ್ಲಾಕು ರಾಗಿ ಹೊಲವಾಗಿದ್ದಾಗ ಅದನ್ನು ಉತ್ತವರು. ಹೊಲ ಹೋಗಿ ಬಡಾವಣೆಯಾದರೂ ಹಸು ಬಿಟ್ಟಿರಲಿಲ್ಲ. ಅದನ್ನು ಕಟ್ಟುತ್ತಿದ್ದದ್ದು ನಮ್ಮ ಹಿಂದಿನ ಗೇಟಿಗೆ. ಕಟ್ಟಬೇಡಿ ಎಂದಾಗಲೆಲ್ಲ, “ಹೂಂ ಸ್ವಾಮಿ, ಅದಕ್ಕೇನಂತೆ” ಅನ್ನುತ್ತಿದ್ದರು. ಹಸು ಅಲ್ಲೇ ನಿಂತು ನನ್ನನ್ನು ನೋಡುತ್ತಿತ್ತು.

ಇಷ್ಟಕ್ಕೆಲ್ಲ ಇಷ್ಟೊಂದು ಸಿಟ್ಟೇ ಎಂದು ನೀವು ಕೇಳಬಹುದು. ನನ್ನ ಕೆಲಸ ಅಂಥದು ಸ್ವಾಮಿ. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಮೈಕು ಹಿಡಿದು ಕೂತು, ಯಾವ ವಿಮಾನ ಇಳಿಯಬೇಕು, ಯಾವುದು ನಿಲ್ಲಬೇಕು ಎಂದು ಹೇಳುವವನು ನಾನು. ರನ್‌ವೇಗೆ ಸೇರುವ ದಾರಿಯಲ್ಲಿ ದಪ್ಪ ಹಳದಿ ಗೆರೆ ಬಳಿದಿರುತ್ತಾರೆ. ನಾವು ಹೇಳುವ ತನಕ ಪೈಲಟ್ ಆ ಗೆರೆ ದಾಟಕೂಡದು. ‘ಗೆರೆಯ ಈಚೆಗೇ ನಿಲ್ಲಿ’ ಎಂದರೆ ಅವನು ಅದೇ ಮಾತನ್ನು ತಿರುಗಿ ನಮಗೆ ಒಪ್ಪಿಸಬೇಕು. ‘ಕೇಳಿಸಿತು’ ಎಂದರೆ ಸಾಲದು, ಏನು ಕೇಳಿಸಿತು ಎಂಬುದನ್ನು ಹೇಳಬೇಕು. ಇಡೀ ಪ್ರಪಂಚದಲ್ಲಿ ಬುದ್ಧಿವಂತರು ಮಾಡಿದ ನಿಯಮ ಇದೊಂದೇ ಎಂದು ನಾನು ನಂಬಿದ್ದೇನೆ.

ಆ ವರ್ಷ ಸಂಕ್ರಾಂತಿಯ ದಿನವೇ ನನಗೆ ಡ್ಯೂಟಿ ಬಿತ್ತು. ಹಬ್ಬದ ದಿನ ಡ್ಯೂಟಿ ಹಾಕಿದವರನ್ನು ಶಪಿಸುತ್ತಾ ಬೆಳಗ್ಗೆ ಸ್ಕೂಟರ್ ಒದೆಯುತ್ತಿದ್ದೆ. ನನ್ನ ಹೆಂಡತಿ ವನಜ ಗೇಟಿನ ಹತ್ತಿರ ರಂಗೋಲಿ ಡಬ್ಬಿ ಹಿಡಿದುಕೊಂಡು ಏನೋ ಹೇಳಿದಳು. ತಡವಾಗಿತ್ತು, ಹೊರಟುಬಿಟ್ಟೆ.

ಆವತ್ತೇ ಆ ಕ್ಯಾಪ್ಟನ್ ಬಂದು ವಕ್ಕರಿಸಿದ. ಒಂದು ವಿಮಾನ ಇಳಿಯಲು ಹತ್ತಿರ ಬಂದಿತ್ತು. ಇವನ ವಿಮಾನ ಹೊರಡಲು ತಯಾರಾಗಿ ಗೆರೆಯತ್ತ ಬರುತ್ತಿತ್ತು. ‘ಗೆರೆಯ ಈಚೆಗೇ ನಿಲ್ಲಿ’ ಎಂದೆ. ಅವನು ‘ರೋಜರ್’ ಎಂದ. ಅಷ್ಟೇ. ರೋಜರ್ ಅಂದರೆ ನಮ್ಮ ಹೂಂಗೆ ಸೂಟು ಬೂಟು ತೊಡಿಸಿದ ಹಾಗೆ. ಮಾತು ತಿರುಗಿ ಹೇಳು ಅನ್ನುವಷ್ಟರಲ್ಲಿ ಇನ್ನೊಬ್ಬ ಪೈಲಟ್ ನಡುವೆ ಬಾಯಿ ಹಾಕಿದ. ಅವನಿಗೆ ಉತ್ತರ ಕೊಟ್ಟು ತಲೆಯೆತ್ತುತ್ತೇನೆ, ಈ ಮಹಾಶಯ ಗೆರೆ ದಾಟಿ, ಮಾವನ ಮನೆ ಅಂಗಳಕ್ಕೆ ಬಂದವನ ಹಾಗೆ ರನ್‌ವೇ ಮಧ್ಯೆ ನಿಂತಿದ್ದಾನೆ! ಇಳಿಯುತ್ತಿದ್ದ ವಿಮಾನಕ್ಕೆ ‘ಇಳಿಯಬೇಡ, ಮೇಲೆ ಹೋಗು’ ಎಂದು ಕಿರುಚಿದೆ. ಅದು ಇವನ ತಲೆಯ ಮೇಲಿಂದಲೇ ಗುಡುಗಿಕೊಂಡು ಮೇಲೇರಿತು. ಅದರೊಳಗೆ ಹಬ್ಬಕ್ಕೆ ಊರಿಗೆ ಬರುತ್ತಿದ್ದವರು ಎಷ್ಟು ಜನವಿದ್ದರೋ.

ನಮ್ಮ ಸಾಹೇಬರು ಬೈದದ್ದು ಯಾರನ್ನು? ನನ್ನನ್ನು! “ಅವನು ರೋಜರ್ ಅಂದ್ರೆ ನೀವು ಯಾಕ್ರೀ ಬಿಟ್ರಿ? ತಿರುಗಿ ಹೇಳಿಸೋದು ನಿಮ್ಮ ಕೆಲಸ. ನಾಳೆ ಬೆಳಗ್ಗೆ ನನ್ನ ರೂಮಿಗೆ ಬನ್ನಿ. ಸರಿಯಾದ ಉತ್ತರ ಇಲ್ದೇ ಹೋದ್ರೆ ಮೈಕ್ ಬಿಡಿಸಿ ಫೈಲ್ ಜೋಡಿಸೋಕೆ ಕೂರಿಸ್ತೀನಿ” ಎಂದರು. ತಪ್ಪು ಮಾಡಿದವನು ಆರಾಮವಾಗಿ ಹಾರಿಹೋದ. ಹೊಟ್ಟೆ ಉರಿಯದೆ ಇರುತ್ತದೆಯೇ? ನನಗೆ ಬರುವುದು ಅದೊಂದೇ ಕೆಲಸ. ಅದನ್ನೂ ಕಿತ್ತುಕೊಂಡರೆ ನಾನು ಯಾರ ಮೇಲೆ ಅಧಿಕಾರ ಚಲಾಯಿಸಲಿ?

ದಾರಿಯುದ್ದಕ್ಕೂ ಆ ಕ್ಯಾಪ್ಟನ್ನನ ವಂಶವನ್ನು ಜಾಲಾಡಿಸುತ್ತಾ ಮನೆಗೆ ಬಂದೆ. ಮುಂದಿನ ಗೇಟು ತೆರೆದಿತ್ತು, ಸ್ಕೂಟರ್ ನುಗ್ಗಿಸಿದೆ. ವನಜ ಮೆಟ್ಟಿಲ ಮೇಲೆ ನಿಂತಿದ್ದಳು. ಇಳಿಯುವ ಮೊದಲೇ ಶುರು ಮಾಡಿದೆ.

“ಗೆರೆ ಕಣೇ! ಇಷ್ಟು ದಪ್ಪ ಗೆರೆ! ಆ ಮನುಷ್ಯನಿಗೆ ಕಣ್ಣು ಕಾಣಲ್ವಾ? ಹೂಂ ಅಂದ್ಬಿಟ್ಟು ಸೀದಾ ಒಳಗೆ ನುಗ್ಗಿದಾನೆ!”

ನಡೆದದ್ದನ್ನೆಲ್ಲ ಅವಳು ಸಾವಧಾನವಾಗಿ ಕೇಳಿದಳು. ಆಮೇಲೆ, “ಹಾಗಾದ್ರೆ ತಪ್ಪು ಯಾರದು ಅಂತೀರಿ?” ಎಂದಳು.

“ಹೂಂ ಅಂದವನದು! ಇನ್ಯಾರದು?”

“ಸರಿ. ಈಗ ಕೆಳಗೆ ನೋಡಿ.”

ನೋಡಿದೆ. ಬೆಳಗ್ಗೆಯಿಂದ ಸೊಂಟ ಬಗ್ಗಿಸಿ ಬಿಡಿಸಿದ ರಂಗೋಲಿ. ಎರಡು ಕಬ್ಬಿನ ಜಲ್ಲೆ, ನಡುವೆ ಬಣ್ಣ ತುಂಬಿದ ನವಿಲು. ಆ ನವಿಲಿನ ಕತ್ತಿನ ಮೇಲೆ ನನ್ನ ಹಿಂದಿನ ಚಕ್ರ.

“ಬೆಳಗ್ಗೆ ಏನ್ ಹೇಳಿದ್ದೆ ರೀ? ಎಳ್ಳು ಬೀರೋಕೆ ಹುಡುಗೀರು ಬರ್ತಾರೆ, ಮುಂದೆ ರಂಗೋಲಿ ಇರತ್ತೆ, ಸಂಜೆ ಹಿಂದಿನ ಗೇಟಿಂದ ಬನ್ನಿ ಅಂತ. ಹೂಂ ಅಂದ್ರಲ್ಲ?”

ಅಂದಿರಬೇಕು. ಆದರೂ ಸೋಲುವ ಜಾಯಮಾನ ನನ್ನದಲ್ಲ. “ಬರೀ ಹೂಂ ಅಂದ್ರೆ ಬಿಟ್ಟುಬಿಡೋದೇನೇ? ತಿರುಗಿ ಹೇಳಿಸಬೇಕಿತ್ತು ನೀನು!” ಎಂದು ಕೂಗಾಡಿದೆ.

“ಓಹೋ. ಹಾಗಾದ್ರೆ ನಿಮ್ಮ ಸಾಹೇಬ್ರು ಅಂದದ್ದೇ ಸರಿ” ಎಂದು ಅವಳು ರಂಗೋಲಿ ಡಬ್ಬಿ ತರಲು ಒಳಗೆ ಹೋದಳು.

ಹೂಂ ಅಂದವನದು ತಪ್ಪು ಎಂದರೆ ಮನೆಯಲ್ಲಿ ಸಿಕ್ಕಿಬೀಳುತ್ತೇನೆ. ಹೂಂ ಕೇಳಿ ಸುಮ್ಮನಾದವನದು ತಪ್ಪು ಎಂದರೆ ಆಫೀಸಿನಲ್ಲಿ. ಇದೇ ಸಮಯಕ್ಕೆ ಮುನಿಯಪ್ಪನವರು ಕಾಂಪೌಂಡಿನ ಆಚೆಯಿಂದ ಇಣುಕಿ, “ಹಸು ಬೇರೆ ಕಡೆ ಕಟ್ಟಿದೀನಿ ಸ್ವಾಮಿ. ಹಿಂದಿನ ಗೇಟ್ ಖಾಲಿ. ನೀವೇ ಹೇಳಿದ್ರಲ್ಲ?” ಎಂದರು. ಹಿಂದೆ ಹಸು ಅಡ್ಡವಿತ್ತು ಅನ್ನುವ ನೆಪವೂ ಹೋಯಿತು. ಇಷ್ಟು ವರ್ಷ ಕಟ್ಟಿ, ಆವತ್ತೇ ಬಿಚ್ಚಬೇಕಿತ್ತೇ ಆ ಮನುಷ್ಯ? ವನಜ ರಂಗೋಲಿ ತಿದ್ದುವ ಮೊದಲೇ ಬೀದಿಯ ಹುಡುಗಿಯರೆಲ್ಲ ಕತ್ತಿಲ್ಲದ ನವಿಲನ್ನು ದಾಟಿಕೊಂಡು ಬಂದು, “ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂಕಲ್” ಎಂದು ಕೈಗೆ ಪೊಟ್ಟಣ ಇಟ್ಟರು. ನಾನು ಹಲ್ಲು ಕಡಿಯುತ್ತಾ ಎಳ್ಳು ತಿಂದೆ.

ಮಾರನೆಯ ದಿನ ಸಾಹೇಬರ ಮುಂದೆ ನಿಂತೆ. ಎಷ್ಟೋ ವಾದ ಕಟ್ಟಿಕೊಂಡು ಹೋಗಿದ್ದವನು, “ಇಬ್ಬರದೂ ತಪ್ಪು ಸಾರ್” ಎಂದುಬಿಟ್ಟೆ. ಸಾಹೇಬರಿಗೆ ಇದು ಹಿಡಿಸಿತು. ಕ್ಯಾಪ್ಟನ್ ಮೇಲೂ ದೂರು ಕೊಡುವುದಾಗಿ ಹೇಳಿದರು. ನನ್ನ ಮೈಕು ಉಳಿಯಿತು. ಆ ನೆಮ್ಮದಿಯಲ್ಲಿ ನನ್ನ ಕಿವಿ ಅರ್ಧ ಮುಚ್ಚಿಹೋಗಿರಬೇಕು. ಅವರು ಬೆರಳೆತ್ತಿ ಏನೇನೋ ಎಚ್ಚರಿಕೆ ಕೊಟ್ಟು, ಕಡೆಯಲ್ಲಿ, “ತಿಳೀತೇನ್ರೀ?” ಎಂದರು.

“ಹೂಂ ಸಾರ್” ಎಂದೆ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನ್ ಹೇಳಿದೆ ನಾನು? ತಿರುಗಿ ಹೇಳಿ ನೋಡೋಣ.”