ರಾತ್ರಿ ಪಾಳಿಯ ಕ್ಯಾಬೇಜು

ಬಂಟ್ವಾಳ ಪೇಟೆಯ ಚಿನ್ನಯ್ಯ ಶೆಟ್ಟರ ಹೋಟೆಲಿಗೆ ರಾತ್ರಿ ಒಂಬತ್ತಕ್ಕೆ ಹಲಗೆ ಬಾಗಿಲು ಹಾಕುವ ಕ್ರಮ ಇಪ್ಪತ್ತು ವರ್ಷಗಳಿಂದ ತಪ್ಪಿರಲಿಲ್ಲ. ಅದು ತಪ್ಪಿದ್ದು ಫರಂಗಿಪೇಟೆಯ ಹೋಟೆಲಿನವನೊಬ್ಬನ ದೆಸೆಯಿಂದ. ಅವನು ಲಾರಿಯವರಿಗೆಂದು ರಾತ್ರಿ ಹನ್ನೆರಡರವರೆಗೆ ಚಹಾ ಕಾಯಿಸುತ್ತಾನೆಂಬ ಸುದ್ದಿ ಶೆಟ್ಟರ ಕಿವಿಗೆ ಬಿತ್ತು. ಬೆಳಿಗ್ಗೆ ಬಂದವರೇ ಬಾಗಿಲಿನ ಹಲಗೆಗಳನ್ನೆಲ್ಲ ಹೊರಿಸಿ ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಹಾಕಿಸಿದರು.

"ಶೀನಪ್ಪ, ಅವನದ್ದು ಹನ್ನೆರಡರವರೆಗೆ ಅಲ್ಲವಾ? ನಮ್ಮದು ಇವತ್ತಿನಿಂದ ಮುಚ್ಚುವುದೇ ಇಲ್ಲ. ಯಾರು ಹಗಲು, ಯಾರು ರಾತ್ರಿ ಅಂತ ಒಂದು ಪಟ್ಟಿ ಮಾಡು. ಸಂಜೆಯೊಳಗೆ ಆಗಬೇಕು."

ಶೀನಪ್ಪ ಹೋಟೆಲಿನ ಮ್ಯಾನೇಜರು. ಎಸ್ಸೆಸ್ಸೆಲ್ಸಿ ಪಾಸಾದವನು ಆ ಕಟ್ಟಡದಲ್ಲಿ ಅವನೊಬ್ಬನೇ. ಅದನ್ನು ಅವನು ಮರೆತದ್ದೂ ಇಲ್ಲ, ಬೇರೆಯವರಿಗೆ ಮರೆಯಲು ಬಿಟ್ಟದ್ದೂ ಇಲ್ಲ. ಈಗಂತೂ ಅವನ ಎದೆ ಕಾದ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು. ಬೆಳ್ತಂಗಡಿ, ಮೂಡಬಿದ್ರೆ ಸೇರಿಸಿ ಹುಡುಕಿದರೂ ಪಾಳಿ ಪಟ್ಟಿ ಇರುವ ಹೋಟೆಲು ಇನ್ನೊಂದು ಸಿಗಲಿಕ್ಕಿಲ್ಲ! ಬಿಳಿ ಕಾಗದ ತರಿಸಿದ, ಕೆಂಪು ಶಾಯಿಯಲ್ಲಿ ಗೆರೆ ಎಳೆದ, ಎಲ್ಲಕ್ಕಿಂತ ಮೊದಲು ತನ್ನ ಹೆಸರನ್ನು ಹಗಲಿನ ಸಾಲಿನಲ್ಲಿ ದುಂಡಗೆ ಬರೆದುಕೊಂಡ.

ಉಳಿದವರು ಎಂಟು ಜನ. ನಾಲ್ವರು ಹಗಲಿಗೆ, ನಾಲ್ವರು ರಾತ್ರಿಗೆ. ಆದರೆ ರಾತ್ರಿ ಎಂಬ ಶಬ್ದ ಕೇಳಿದ್ದೇ ತಡ, ಎಂಟು ಜನರಿಗೂ ಒಟ್ಟಿಗೆ ಕಾಯಿಲೆ ಬಂತು.

"ಶೀನಪ್ಪಣ್ಣ, ನನಗೆ ರಾತ್ರಿಯ ಹೊಗೆ ಆಗುವುದಿಲ್ಲ," ಎಂದ ಅಡುಗೆಯ ಡೊಂಬಯ್ಯ.

"ಹಗಲಿನ ಹೊಗೆ ಆಗ್ತದಾ?"

"ಅದು ಅಭ್ಯಾಸ ಆಗಿ ಹೋಗಿದೆ."

ಚಹಾ ಮಾಡುವ ಜತ್ತಪ್ಪ ಕನ್ಯಾನದವನು. "ನಮ್ಮ ಕುಟುಂಬದಲ್ಲಿ ರಾತ್ರಿ ನಿದ್ದೆಗೆಟ್ಟವರು ಯಾರೂ ಬದುಕಿದ್ದಿಲ್ಲ," ಎಂದು ಕಣ್ಣೊರೆಸಿಕೊಂಡ.

"ನಿನ್ನ ಅಜ್ಜ ರಾತ್ರಿಯಿಡೀ ಯಕ್ಷಗಾನದ ಆಟಕ್ಕೆ ಚೆಂಡೆ ಬಾರಿಸುತ್ತಿದ್ದರಲ್ಲ ಮಾರಾಯ?"

"ಅವರೂ ಸತ್ತರಲ್ಲ!"

ಹನ್ನೊಂದು ಗಂಟೆಯಾದರೂ ರಾತ್ರಿಯ ಸಾಲು ಖಾಲಿಯೇ ಇತ್ತು. ಅಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರ್ ರಮಾನಾಥ ಕೊರಳಿಗೆ ಟೇಪು ಸುತ್ತಿಕೊಂಡೇ ಬುದ್ಧಿ ಹೇಳಲು ಬಂದ. ಅವನನ್ನು ಕಂಡದ್ದೇ ಶೀನಪ್ಪನಿಗೆ ಒಂದು ಉಪಾಯ ಹೊಳೆಯಿತು. ಹತ್ತಿರ ಕರೆದು ಪಿಸುಗುಟ್ಟಿದ:

"ಯಾರಿಗೂ ಹೇಳಬೇಡಿ ರಮಾನಾಥಣ್ಣ. ಘಟ್ಟದಿಂದ ಇಳಿಯುವ ಲಾರಿಯವರು ರಾತ್ರಿ ಚಹಾ ಕೊಟ್ಟವರಿಗೆ ತಲೆಗೊಂದು ಕ್ಯಾಬೇಜು ಕೊಟ್ಟು ಹೋಗುವ ಕ್ರಮ ಉಂಟು. ಇವರಿಗೆ ಗೊತ್ತಾದರೆ ಹಗಲು ಕೆಲಸಕ್ಕೆ ಯಾರೂ ಸಿಗಲಿಕ್ಕಿಲ್ಲ."

ಆ ಕಾಲಕ್ಕೆ ಕ್ಯಾಬೇಜೆಂದರೆ ದೊಡ್ಡವರ ಮದುವೆ ಊಟದಲ್ಲಿ ಕಾಣಸಿಗುವ ತರಕಾರಿ. ಬಸಳೆ, ಹರಿವೆ, ಸೌತೆಗಳ ಊರಿಗೆ ಅದು ಅಪರೂಪದ ನೆಂಟ. ರಮಾನಾಥ ಬುದ್ಧಿ ಹೇಳುವುದನ್ನೂ ಮರೆತು ಹೊರಟುಹೋದ. ಒಂದು ಅಂಗಿಗೆ ಗುಂಡಿ ಹಾಕುವಷ್ಟು ಹೊತ್ತಿನಲ್ಲಿ ಸುದ್ದಿ ಪೇಟೆ ಸುತ್ತಿತು. ಮೀನು ಮಾರ್ಕೆಟಿನಲ್ಲಿ ಒಂದು ಕ್ಯಾಬೇಜು ಎರಡಾಯಿತು, ಬಸ್ ನಿಲ್ದಾಣದಲ್ಲಿ ಬಟಾಟೆಯೂ ಸೇರಿಕೊಂಡಿತು. ತಿರುಗಿ ಹೋಟೆಲಿನ ಅಡುಗೆಮನೆಗೆ ಬರುವಾಗ ಅದು, ಶೀನಪ್ಪನೇ ಹೇಳಿದ್ದಂತೆ ಎಂಬ ಮಾತಿನ ಜೊತೆಗೆ, ಆಳಿಗೆ ಅರ್ಧ ಮೂಟೆ ಆಗಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಎಂಟು ಕಾಯಿಲೆಗಳೂ ಗುಣವಾದವು.

"ಹೊಗೆಯಲ್ಲವಾ, ಅದೇನು ದೊಡ್ಡದು?" ಎಂದ ಡೊಂಬಯ್ಯ. "ನನ್ನ ಹೆಸರು ರಾತ್ರಿಗೆ ಬರೆಯಿರಿ."

"ನಿನ್ನದು ಯಾಕೆ? ನಮ್ಮ ಅಜ್ಜನ ಕಾಲದಿಂದ ನಮಗೆ ರಾತ್ರಿ ಅಭ್ಯಾಸ!" ಎಂದು ಜತ್ತಪ್ಪ ಸೌಟು ಹಿಡಿದ. ಸೌಟಿನ ಇನ್ನೊಂದು ತುದಿಯನ್ನು ಡೊಂಬಯ್ಯ ಹಿಡಿದ. ಸಾಂಬಾರು ಗೋಡೆಗೆ ಹಾರಿತು. ಎಲೆಯ ಮುಂದೆ ಕೂತ ಗಿರಾಕಿಗಳು ಊಟ ಮರೆತು ಪಕ್ಷ ಕಟ್ಟಿಕೊಂಡರು. ಈ ನಡುವೆ ರಮಾನಾಥ, ಅಂಗಿ ಹೊಲಿಸಲು ನಾರಾವಿಯಿಂದ ಬಂದಿದ್ದ ತನ್ನ ಭಾವಮೈದುನನನ್ನು ಕೈ ಹಿಡಿದು ಎಳೆತಂದು, "ಶೀನಪ್ಪ, ಇವನನ್ನೂ ರಾತ್ರಿಗೆ ಸೇರಿಸು. ಒಳ್ಳೆಯ ಜನ, ನಿದ್ದೆಯೇ ಬರುವುದಿಲ್ಲ," ಎಂದ.

ಗದ್ದಲ ಕೇಳಿ ಶೆಟ್ಟರು ಮಧ್ಯಾಹ್ನದ ನಿದ್ದೆ ಬಿಟ್ಟು ಬಂದರು. "ಎಂತದು ಇದು?"

"ಎಲ್ಲರಿಗೂ ರಾತ್ರಿಯೇ ಬೇಕಂತೆ ಧಣಿಗಳೇ," ಎಂದ ಶೀನಪ್ಪ, ವಿನಯದಿಂದ.

ಶೆಟ್ಟರು ಅವನ ಬೆನ್ನು ತಟ್ಟಿದರು. "ಕಲಿತವನೆಂದರೆ ಕಲಿತವನೇ! ಆದರೆ ಹಗಲಿಗೂ ಜನ ಬೇಕಲ್ಲ. ಚೀಟಿ ಎತ್ತಿಸು. ಮತ್ತೆ ಆರು ತಿಂಗಳು ಬದಲಾವಣೆ ಇಲ್ಲ."

ಚೀಟಿ ಎತ್ತಿದರು. ಡೊಂಬಯ್ಯನಿಗೆ ರಾತ್ರಿ ಬಂತು, ಜತ್ತಪ್ಪನಿಗೆ ಹಗಲು. ಹಗಲು ಬಂದ ನಾಲ್ವರು ಮುಖ ಊದಿಸಿಕೊಂಡರು. ಜತ್ತಪ್ಪ ಬೆರಳು ತೋರಿಸಿ ಹೇಳಿದ: "ಹಾಗಾದರೆ ಶೀನಪ್ಪಣ್ಣನೂ ಆರು ತಿಂಗಳು ಹಗಲೇ ಇರಬೇಕು. ಕತ್ತಲಾದ ಮೇಲೆ ಈ ಕಡೆ ತಲೆ ಹಾಕಬಾರದು. ರುಜು ಹಾಕಲಿ!"

ಶೀನಪ್ಪ ದೊಡ್ಡದೊಂದು ನಿಟ್ಟುಸಿರು ಬಿಟ್ಟ. ಕೈಗೆ ಬಂದ ರಾಜ್ಯವನ್ನು ಬಿಟ್ಟುಕೊಡುವವನಂತೆ ಪೆನ್ನು ತೆಗೆದು, "ನಿಮಗೆಲ್ಲ ಬೇಸರ ಆಗಬಾರದು, ನನ್ನದು ಏನಾದರೂ ಆಗಲಿ," ಎಂದು ರುಜು ಹಾಕಿದ. ಪಟ್ಟಿಯನ್ನು ದುಡ್ಡಿನ ಗಲ್ಲೆಯ ಮೇಲಿನ ಗೋಡೆಗೆ ಅಂಟಿಸಿ, ದೂರ ನಿಂತು ಒಮ್ಮೆ, ಹತ್ತಿರ ನಿಂತು ಒಮ್ಮೆ ನೋಡಿದ. ಆರು ಗಂಟೆಗೆ ಮನೆಗೆ ಹೋಗಿ, ಉಂಡು, ಗೊರಕೆ ಹೊಡೆದ.

ಮರುದಿನ ಬೆಳಿಗ್ಗೆ ಬರುವಾಗ ಹೋಟೆಲಿನ ಮುಂದೆ ಜಾತ್ರೆಯಷ್ಟು ಜನ. ಚರಂಡಿಗೆ ಒಂದು ಚಕ್ರ ಇಳಿಸಿಕೊಂಡು ಲಾರಿಯೊಂದು ವಾಲಿ ನಿಂತಿತ್ತು. ಡ್ರೈವರ್ ಮೂಸಾ ಓಡಿ ಬಂದು ಶೀನಪ್ಪನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಹೋಟೆಲು ತೆರೆದಿದ್ದದ್ದಕ್ಕೆ ಬಚಾವ್ ಶೀನಪ್ಪಣ್ಣ! ಚಹಾಕ್ಕೆ ಅಂತ ನಿಲ್ಲಿಸಲು ಹೋಗಿ ಜಾರಿದ್ದು. ನಿಮ್ಮ ನಾಲ್ಕು ಜನ ಬೆಳಗಾಗುವವರೆಗೆ ಮೂಟೆ ಹೊತ್ತು ಬೇರೆ ಲಾರಿಗೆ ಹಾಕಿ ಕೊಟ್ಟರು. ನಮ್ಮ ಸಾಹುಕಾರರು ಬಂದು ನೋಡಿ ಸಂತೋಷದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೂಟೆ ಕೊಟ್ಟುಬಿಟ್ಟರು."

"ಎಂತದ್ದು ಮೂಟೆ?" ಶೀನಪ್ಪನ ಸ್ವರ ಸಣ್ಣದಾಗಿತ್ತು.

"ಕ್ಯಾಬೇಜು. ಚಿಕ್ಕಮಗಳೂರಿನದ್ದು."

ಡೊಂಬಯ್ಯ ಮೂಟೆಯ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. "ಶೀನಪ್ಪಣ್ಣ, ನೀವು ಅರ್ಧ ಮೂಟೆ ಅಂದದ್ದು. ಇದು ಇಡೀ! ದೇವರಂಥ ಮನುಷ್ಯ ನೀವು. ಗೊತ್ತಿದ್ದೂ ನಮಗೆ ಬಿಟ್ಟುಕೊಟ್ಟಿರಿ." ಜನ ಹೌದು ಹೌದೆಂದು ತಲೆದೂಗಿದರು. ಶೆಟ್ಟರು ಇಡೀ ಪೇಟೆಗೆ ಕೇಳುವ ಹಾಗೆ, "ನಮ್ಮ ಮ್ಯಾನೇಜರ ಬಾಯಿಯಿಂದ ಸುಳ್ಳು ಬಂದದ್ದಿಲ್ಲ," ಎಂದರು. ಶೀನಪ್ಪ ಎದೆಯನ್ನೇನೋ ಉಬ್ಬಿಸಿದ. ಬೇರೆ ದಾರಿ ಇರಲಿಲ್ಲ. ಹಗಲಿನ ನಾಲ್ವರು ಮಾತ್ರ ಅವನನ್ನು ಕಣ್ಣಿನಲ್ಲೇ ಸುಡುತ್ತ ಚಹಾ ಕಾಯಿಸಿದರು.

ಮಧ್ಯಾಹ್ನ ಊಟಕ್ಕೆ ಹೋದರೆ ಹೆಂಡತಿ ಜಲಜಾಕ್ಷಿ ಸೌಟು ಕುಕ್ಕಿ ಬಡಿಸಿದಳು. ಅನ್ನದ ಪಕ್ಕದಲ್ಲಿ ಕ್ಯಾಬೇಜಿನ ಪಲ್ಯ.

"ಇದು ಎಲ್ಲಿಂದ?"

"ಡೊಂಬಯ್ಯನ ಹೆಂಡತಿ ಪೂವಮ್ಮ ಅರ್ಧ ತುಂಡು ಕೊಟ್ಟು ಹೋದಳು. 'ಪಾಪ, ನಿಮ್ಮವರಿಗೆ ಹಗಲು ಪಾಳಿಯಲ್ಲವಾ' ಅಂತ. ಊರಿಗೆಲ್ಲ ಮೂಟೆ ಹಂಚುವವರಿಗೆ ಸ್ವಂತ ಮನೆ ನೆನಪಾಗಲಿಲ್ಲವಾ?"

ಶೀನಪ್ಪನಿಗೆ ತಡೆಯಲಾಗಲಿಲ್ಲ. "ಜಲಜ, ಆ ಕ್ಯಾಬೇಜಿನ ಮಾತೇ ಸುಳ್ಳು ಮಾರಾಯ್ತಿ! ನಾನೇ ಕಟ್ಟಿದ್ದು!"

ಜಲಜಾಕ್ಷಿ ಬಟ್ಟಲಿನ ಕಡೆಗೆ ಕೈ ತೋರಿಸಿದಳು.

"ಸುಳ್ಳಾದರೆ ಇದು ಎಂತದು? ಸುಮ್ಮನೆ ಉಣ್ಣಿ."