ಕೆನಡಾದ ಕೆಲಸಕ್ಕೆ ಕಟಪಾಡಿಯ ಫೋನು

ನಾನು ಎಷ್ಟು ಗಂಭೀರವಾಗಿ ಒಂದು ಕೆಲಸಕ್ಕೆ ಕೈ ಹಾಕಿದರೂ ಅದು ಊರವರಿಗೆ ನಗಲಿಕ್ಕೆ ಒಂದು ಕಥೆಯಾಗಿಯೇ ಮುಗಿಯುವುದು. ತೊಂಬತ್ತರ ದಶಕದ ಕೊನೆಯಲ್ಲಿ ಕೆನಡಾದ ವಿಶ್ವವಿದ್ಯಾಲಯವೊಂದಕ್ಕೆ ಸಂಶೋಧನೆಯ ಕೆಲಸ ಕೇಳಿ ಬರೆದದ್ದೂ ಹಾಗೆಯೇ ಆಯಿತು. ನಮ್ಮ ಹೊಳೆಯಲ್ಲಿ ಸಿಗುವ ಮರುವಾಯಿ ಎಂಬ ಚಿಪ್ಪುಜೀವಿಯ ಮೇಲೆ ಪಿಎಚ್.ಡಿ. ಮಾಡಿ, ಕಾರ್ಕಳದ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ. ಮಾರ್ಚಿಗೆ ಅದೂ ಮುಗಿಯುತ್ತಿತ್ತು. ಇದು ಸಿಗದಿದ್ದರೆ ಮನೆಯಲ್ಲಿ ಕೂರುವುದೇ ಗತಿ.

೧. ಹಸಿರು ಶಾಯಿ

ಅರ್ಜಿ ಎಂದ ಮೇಲೆ ಅಟೆಸ್ಟ್ ಮಾಡಿಸಿದ ಜೆರಾಕ್ಸ್ ಬೇಡವೇ? ಕೆನಡಾದವರು ಕೇಳಿರಲಿಲ್ಲ, ನಾನೇ ಮಾಡಿಸಿದೆ. ನನಗೆ ಗುರುತಿದ್ದ ಗೆಜೆಟೆಡ್ ಅಧಿಕಾರಿ ಅಂದರೆ ಕಾಪುವಿನ ದನದ ಡಾಕ್ಟರೊಬ್ಬರೇ. ಅವರು ಎಮ್ಮೆಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದು ಬಂದು, ಹನ್ನೊಂದು ಹಾಳೆಗೂ ಹಸಿರು ಶಾಯಿಯಲ್ಲಿ ಸಹಿ ಹಾಕಿ ಪಶುವೈದ್ಯಾಧಿಕಾರಿ ಎಂಬ ಸೀಲು ಒತ್ತಿಕೊಟ್ಟರು.

ತಿಂಗಳಾದ ಮೇಲೆ ಮಣಿಪಾಲದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಪ್ರೊಫೆಸರರ ಈಮೇಲ್ ಓದಿದೆ. ಅರ್ಜಿ ಹಿಡಿಸಿತಂತೆ. ಆದರೆ ನನ್ನನ್ನು ಪಶುವೈದ್ಯರು ಹನ್ನೊಂದು ಸಲ ಪರೀಕ್ಷೆ ಮಾಡಿದ್ದು ಯಾಕೆ, ಈಗ ಆರೋಗ್ಯವಾಗಿದ್ದೀರಿ ತಾನೆ ಎಂದು ಕೇಳಿದ್ದರು.

೨. ನನ್ನ ಹೊಗಳಿಕೆ ನಾನೇ

ಮುಂದೆ ಪಿಎಚ್.ಡಿ. ಗೈಡ್ ಆಗಿದ್ದವರ ಶಿಫಾರಸು ಪತ್ರ ಬೇಕೆಂದರು. ನಮ್ಮ ಸರ್ ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು, ನೀನೇ ಬರೆದು ತಾ, ಸಹಿ ಹಾಕುತ್ತೇನೆ ಅಂತ. ಮೊದಲ ದಿನ ನಾಚಿಕೆಯಾಯಿತು. ಮೂರನೆಯ ದಿನಕ್ಕೆ ನಾಚಿಕೆ ಬಿಟ್ಟು ಎರಡು ಪುಟ ತುಂಬಿಸಿದೆ.

ಸರ್ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

‘ಇಷ್ಟು ಒಳ್ಳೆಯ ಹುಡುಗಿ ನನ್ನ ಕೈಕೆಳಗೆ ಇದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ’ ಎಂದು ಸಹಿ ಹಾಕಿದರು.

೩. ಕಾಕನ ಇಂಟರ್‌ವ್ಯೂ

ಕೊನೆಯದು ಫೋನಿನಲ್ಲಿ ಸಂದರ್ಶನ, ನಮ್ಮ ಸಂಜೆ ಏಳೂವರೆಗೆ. ಮನೆಯಲ್ಲಿ ಫೋನಿರಲಿಲ್ಲ. ಕಟಪಾಡಿ ಜಂಕ್ಷನ್ನಿನ ಕಾಕನ ಅಂಗಡಿಯ ನಂಬರೇ ನಮ್ಮ ಓಣಿಗೆಲ್ಲ ನಂಬರು, ಅದನ್ನೇ ಕೊಟ್ಟಿದ್ದೆ. ಊರವರೆಲ್ಲ ಕಾಕ ಎಂದೇ ಕರೆಯುವ ಆ ಬ್ಯಾರಿ ಹಿರಿಯರು ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವರು. ಫಾರಿನ್ ಕೆಲಸದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದಿಲ್ಲ.

ಆ ದಿನವೇ ಕಾರ್ಕಳದ ಬಸ್ಸು ಪಂಕ್ಚರ್ ಆಗಬೇಕಾ? ನಾನು ಏದುಸಿರು ಬಿಡುತ್ತಾ ಅಂಗಡಿ ಮುಟ್ಟುವಾಗ ಏಳೂಮುಕ್ಕಾಲು. ಕಾಕ ಆಗಲೇ ರಿಸೀವರ್ ಹಿಡಿದುಕೊಂಡು ತಮ್ಮ ಗಲ್ಫ್ ಇಂಗ್ಲಿಷಿನಲ್ಲಿ ಪ್ರೊಫೆಸರರನ್ನು ವಿಚಾರಿಸುತ್ತಿದ್ದರು. ಪಾಸ್‌ಪೋರ್ಟ್ ಕಂಪೆನಿ ಇಟ್ಟುಕೊಳ್ಳುತ್ತದಾ? ಒಂದು ರೂಮಿಗೆ ಎಷ್ಟು ಜನ? ಎಸಿ ಉಂಟಾ?

ಹೋಯಿತು ನನ್ನ ಕೆನಡಾ! ರಿಸೀವರಿಗೆ ಕೈ ಚಾಚಿದರೆ ಕಾಕ ಕಣ್ಣಲ್ಲೇ ಗದರಿಸಿದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವ ಟಿಕೆಟ್ ಕೊಡದಿದ್ದರೆ ನಮ್ಮ ಟೀಚರ್ ಬರುವುದಿಲ್ಲ ಎಂದು ಖಡಕ್ಕಾಗಿ ಹೇಳಿದ ಮೇಲೆಯೇ ನನ್ನ ಕೈಗೆ ಕೊಟ್ಟದ್ದು. ನಾನು ಕ್ಷಮೆ ಕೇಳಿ, ಮರುವಾಯಿಯ ಬಗ್ಗೆ ಏನೇನೋ ಒದರಿದೆ. ಸಿಟ್ಟಿನಲ್ಲಿ ಕಾಕನ ಹತ್ತಿರ ಮಾತು ಬಿಟ್ಟೆ.

ಮೂರು ವಾರಕ್ಕೆ ಲಕೋಟೆ ಬಂತು. ಕೆಲಸ ಸಿಕ್ಕಿತ್ತು. ಕಾಕನ ಅಂಗಡಿಗೆ ಓಡಿದವಳು ಅಲ್ಲೇ ನಿಂತು ಅತ್ತುಬಿಟ್ಟೆ. ಅವರು ಮಾತ್ರ ಪತ್ರದ ಒಂದೊಂದು ಸಾಲಿಗೂ ಬೆರಳಿಟ್ಟು ಅರ್ಥ ಕೇಳಿದರು. ಕೆಳಗೆ ಪ್ರೊಫೆಸರರೇ ಕೈಯಲ್ಲಿ ಬರೆದಿದ್ದರು: ನಿಮ್ಮ ಏಜೆಂಟರು ಕೇಳಿದ ಟಿಕೆಟ್ ಕೊಡುತ್ತೇವೆ, ರೂಮಿನಲ್ಲಿ ನೀವೊಬ್ಬರೇ, ಪಾಸ್‌ಪೋರ್ಟ್ ನಿಮ್ಮಲ್ಲೇ ಇರಲಿ. ಎಸಿ ಮಾತ್ರ ಇಲ್ಲ, ಹೇಗಾದರೂ ಅವರನ್ನು ಒಪ್ಪಿಸಿ.

ಕಾಕನ ಮುಖ ಸಪ್ಪಗಾಯಿತು.

‘ಎಸಿ ಇಲ್ವಾ? ಹಾಗಾದರೆ ಸೈನ್ ಹಾಕಬೇಡಿ ಟೀಚರ್. ಅಲ್ಲಿ ಸೆಕೆಗೆ ಎಂತ ಮಾಡ್ತೀರಿ?’